ಸ್ಟ್ರೀಟ್ ರಾಡುಗಳ ಕ್ರಯವಿಕ್ರಯ

ಪುರಾತನ ವಸ್ತುವಿಗೆ ಅದರ ಪುರಾತನತ್ವದಿಂದಲೂ ನೂತನ ವಸ್ತುವಿಗೆ ಅದರ ನೂತನತ್ವದಿಂದಲೂ ಬೆಲೆ ಬರುವುದು ಪೇಟೆಯ ಸಾಮಾನ್ಯ ಧರ್ಮವಾಗಿರಲು, ಈ ಎರಡು ವರ್ಗಗಳಲ್ಲಿ ಯಾವುದಕ್ಕೂ ಪೂರ್ಣವಾಗಿ ಸೇರದೆ, ಎರಡರ ಗುಣವನ್ನೂ ತಳೆದು ಓಡಾಡುವ ಒಂದು ವಾಹನಜಾತಿ ಅಮೆರಿಕ ದೇಶದಲ್ಲಿ ಬೆಳೆದುಬಂದಿದೆ. ಅದರ ಮೈ 1932ರ ಫೋರ್ಡ್ ಕಾರಿನದು, ಅಥವಾ ಅದರ ಅಚ್ಚಿನಿಂದ ತೆಗೆದುದು. ಚಾಸಿ ಈಚೆಗೆ ಬೆಸುಗೆ ಹಾಕಿ ಕಟ್ಟಿದುದು. ಎಂಜಿನು ಮೈಗಿಂತ ಎಷ್ಟೋ ದಶಕ ಕಿರಿಯದಾದ ಷೆವರ್ಲೆಯದು. ಮುಂದಿನ ಚಕ್ರಗಳನ್ನು ಹೊತ್ತ ಸಸ್ಪೆನ್ಷನ್ನು 1970ರ ದಶಕದ ಮಸ್ಟಾಂಗ್ ಕಾರಿನ ಮಾದರಿಯದು. ಇವನ್ನೆಲ್ಲ ಒಬ್ಬ ಗೃಹಸ್ಥನು ತನ್ನ ಮನೆಯ ಪಕ್ಕದ ಗ್ಯಾರೇಜಿನಲ್ಲಿ, ಸಂಜೆಗಳನ್ನೂ ಭಾನುವಾರಗಳನ್ನೂ ಅದಕ್ಕಾಗಿಯೇ ಮೀಸಲಿಟ್ಟು, ವರ್ಷಗಟ್ಟಲೆ ಶ್ರಮಿಸಿ ಒಂದುಗೂಡಿಸಿ, ಬೀದಿಯಲ್ಲಿ ಓಡಿಸಲು ಯೋಗ್ಯವಾಗುವಂತೆ ಮಾಡಿದಾಗ ಅದು ಸ್ಟ್ರೀಟ್ ರಾಡ್ ಎನಿಸಿಕೊಳ್ಳುತ್ತದೆ. ಹಾಗೆ ಕಟ್ಟಿದವನು ಎಂದಾದರೊಂದು ದಿನ ಅದನ್ನು ಮಾರಬೇಕಾಗಿ ಬಂದಾಗ, ತಾನು ವ್ಯಯಿಸಿದ ಹಣವೂ ಹಿಂದಕ್ಕೆ ಬಾರದು, ವ್ಯಯಿಸಿದ ಕಾಲಕ್ಕಂತೂ ಬೆಲೆ ಕಟ್ಟುವವರೇ ಇಲ್ಲ ಎಂಬ ಸಂಗತಿ ಅವನಿಗೆ ಎದುರಾಗುತ್ತದೆ. ಆ ಕಷ್ಟವು ಹೇಗೆ ಹುಟ್ಟಿತು ಎಂಬುದರಲ್ಲೇ ಈ ವ್ಯಾಪಾರದ ಚರಿತ್ರೆಯ ಬಹುಭಾಗ ಅಡಗಿರುವುದು.

1932ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ, ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಹೊತ್ತಿನಲ್ಲಿ, ಹೆನ್ರಿ ಫೋರ್ಡರು ಎಂಟು ಸಿಲಿಂಡರುಗಳ ವಿ-8 ಎಂಜಿನನ್ನು ಒಂದೇ ಎರಕದಲ್ಲಿ ಹೊಯ್ಯಿಸಿ ಜನಸಾಮಾನ್ಯರ ಕಾರಿನೊಳಗೆ ಇರಿಸಿದರು. ಅದುವರೆಗೆ ಕ್ಯಾಡಿಲಾಕ್‌ನಂತಹ ಸಿರಿವಂತರ ವಾಹನಗಳಿಗೆ ಶೋಭೆಯೆನಿಸಿದ್ದ ಆ ರಚನೆಯು ಐದುನೂರು ಡಾಲರಿಗೂ ಕಡಿಮೆ ಬೆಲೆಯ ರೋಡ್‌ಸ್ಟರಿನಲ್ಲಿ ದೊರೆಯುವಂತಾದುದು ಸಾಮಾನ್ಯ ಸಂಗತಿಯಲ್ಲ. 221 ಘನ ಅಂಗುಲಗಳ ಆ ಎಂಜಿನು 65 ಅಶ್ವಶಕ್ತಿಯನ್ನು ಕೊಡುತ್ತಿದ್ದಿತು. ಹೆನ್ರಿಯವರ ಮಗ ಎಡ್ಸೆಲ್ ಫೋರ್ಡರ ಮೇಲ್ವಿಚಾರಣೆಯಲ್ಲಿ ರೂಪುಗೊಂಡ ಅದರ ಮೈಯಲ್ಲಿ ಗ್ರಿಲ್ಲಿನ ಬಾಗು, ಬಾನೆಟ್ಟಿನ ಉದ್ದ, ಮಡ್‌ಗಾರ್ಡುಗಳ ಇಳಿಜಾರು ಇವು ಒಂದಕ್ಕೊಂದು ಎಷ್ಟು ಹೊಂದಿಕೊಂಡಿದ್ದುವೆಂದರೆ, ಒಂಬತ್ತು ದಶಕಗಳು ಕಳೆದರೂ ಅದಕ್ಕಿಂತ ಮೆಚ್ಚಾದ ಮೈಕಟ್ಟನ್ನು ರಾಡ್ ಕಟ್ಟುವವರು ಕಂಡುಕೊಂಡಿಲ್ಲ. ಎಂಜಿನಿನಲ್ಲಿ ದೋಷವಿಲ್ಲದಿರಲಿಲ್ಲ. ಉರಿದ ಅನಿಲವು ಹೊರಬೀಳುವ ಮಾರ್ಗಗಳು ಸಿಲಿಂಡರಿನ ಎರಕದ ಒಡಲೊಳಗೇ ಹಾದುಹೋಗುತ್ತಿದ್ದುದರಿಂದ ನೀರು ಬೇಗನೆ ಕುದಿಯುವುದು. ಒಂದೊಂದು ಪಕ್ಕದಲ್ಲಿದ್ದ ನಾಲ್ಕು ಸಿಲಿಂಡರುಗಳಿಗೆ ಹೊರದಾರಿಗಳು ಮೂರೇ, ನಡುವಿನ ಎರಡು ಒಂದನ್ನೇ ಹಂಚಿಕೊಳ್ಳಬೇಕಾಗಿದ್ದಿತು. ಈ ದೋಷಗಳನ್ನು ನೀಗಿಸುವ ಯತ್ನದಲ್ಲಿ, ಹೊಸ ಸಿಲಿಂಡರ್ ಹೆಡ್ಡು, ಹೊಸ ಮ್ಯಾನಿಫೋಲ್ಡು, ಹೊಸ ಕ್ಯಾಮ್ ಶಾಫ್ಟುಗಳನ್ನು ಮಾಡಿ ಮಾರುವ ಒಂದು ಕುಶಲೋದ್ಯಮವೇ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ತಲೆಯೆತ್ತಿತು.

ತೆರೆದ ಮೈಯ ರೋಡ್‌ಸ್ಟರ್ ಕಾರುಗಳಿಗೆ ಏರಿಸಿಳಿಸುವ ಗಾಜು ಇರಲಿಲ್ಲ. ಮಳೆ ಚಳಿಗಳಿಗೆ ಅವು ಒಗ್ಗುತ್ತಿರಲಿಲ್ಲ. ಮಕ್ಕಳುಮರಿಯುಳ್ಳ ಸಂಸಾರಿಗಳು ಮುಚ್ಚುಮೈಯ ಸೆಡಾನನ್ನೇ ಕೊಳ್ಳುತ್ತಿದ್ದುದರಿಂದ, ಹಳೆಯ ರೋಡ್‌ಸ್ಟರುಗಳು ಕಡಿಮೆ ಹಣಕ್ಕೆ ಹರೆಯದ ಹುಡುಗರ ಪಾಲಾಗುತ್ತಿದ್ದುವು. ಅವು ಹಗುರವೂ ಹೌದು. ಲಾಸ್ ಏಂಜಲೀಸಿನ ಉತ್ತರಕ್ಕೆ ಮೊಹಾವಿ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್, ರೋಸಮಂಡ್ ಎಂಬ ಒಣಗಿದ ಕೆರೆಗಳ ತಳಗಳಿವೆ. ಹಲಗೆ ಹಾಸಿದಂತೆ ಸಮವಾಗಿರುವ ಆ ಮೈಲಿಗಟ್ಟಲೆ ಬಯಲಿನಲ್ಲಿ ಈ ತರುಣರು ತಮ್ಮ ಕಾರುಗಳನ್ನು ಓಡಿಸಿ ವೇಗವನ್ನು ಅಳೆದುಕೊಳ್ಳುತ್ತಿದ್ದರು. ಅಪಘಾತಗಳೂ ಧೂಳಿನ ಗೊಂದಲವೂ ಮಿತಿಮೀರಿದಾಗ, 1937ರಲ್ಲಿ ಕೆಲವು ಕ್ಲಬ್ಬುಗಳು ಒಂದಾಗಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ನಿಯಮಗಳನ್ನು ವಿಧಿಸಿದುವು. ವಾರವೆಲ್ಲ ಕೆಲಸಕ್ಕೆ ಓಡಿಸುತ್ತಿದ್ದ ಕಾರನ್ನೇ ಶನಿವಾರ ರಾತ್ರಿ ಮರುಭೂಮಿಗೆ ಒಯ್ದು, ಮಡ್‌ಗಾರ್ಡು, ದೀಪ, ಮುಂಗಾಜು, ಬಂಪರುಗಳನ್ನು ಬಿಚ್ಚಿಟ್ಟು, ಓಟ ಮುಗಿದ ಮೇಲೆ ಪುನಃ ತೊಡಿಸಿ ಮನೆಗೆ ತರುವುದು ಆಗಿನ ಪದ್ಧತಿ. ಬರಬರುತ್ತ ಬಿಚ್ಚಿದ ಮಡ್‌ಗಾರ್ಡು ಮರಳಿ ಏರಲೇ ಇಲ್ಲ. ಇಂದು ಹವಾನಿಯಂತ್ರಣವನ್ನೂ ಚರ್ಮದ ಸೀಟುಗಳನ್ನೂ ತೊಡಿಸಿದ ದುಬಾರಿ ರಾಡು ಚಕ್ರಗಳನ್ನು ಬೆತ್ತಲಾಗಿ ಬಿಟ್ಟು ಓಡುತ್ತಿದ್ದರೆ, ಅದು ಆ ಒಣಗಿದ ಕೆರೆಯಂಗಳದ ಅವಶ್ಯಕತೆ ಅಲಂಕಾರವಾಗಿ ಉಳಿದುಕೊಂಡ ಗುರುತು.

ಎರಡನೆಯ ಮಹಾಯುದ್ಧದಿಂದ ಮರಳಿದ ತರುಣರ ಕೈಯಲ್ಲಿ ಸ್ವಲ್ಪ ಹಣವೂ, ವಿಮಾನ ಲಾರಿಗಳ ಯಂತ್ರಗಳನ್ನು ಬಿಚ್ಚಿ ಕಟ್ಟಿದ ಪರಿಚಯವೂ ಇದ್ದಿತು. ಸೈನ್ಯದ ವಾಯುದಳದಿಂದ ಬಿಡುಗಡೆ ಹೊಂದಿದ ಆಲೆಕ್ಸ್ ಝೈಡಿಯಸ್ 1946ರಲ್ಲಿ ಬರ್ಬ್ಯಾಂಕಿನಲ್ಲಿ ಸೋ-ಕ್ಯಾಲ್ ಸ್ಪೀಡ್ ಷಾಪನ್ನು ತೆರೆದನು. ವಿಕ್ ಎಡೆಲ್‌ಬ್ರಾಕನ ಮ್ಯಾನಿಫೋಲ್ಡುಗಳು, ಎಡ್ ಇಸ್ಕೆಂಡೇರಿಯನ್ನನ ಕ್ಯಾಮ್ ಶಾಫ್ಟುಗಳು ಪ್ರಸಿದ್ಧಿಗೆ ಬಂದುವು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಎಂಬ ಯುವಕನು ಸಂಗಡಿಗನೊಬ್ಬನೊಡನೆ, ಇಂತಹ ಕಾರುಗಳಿಗೆ ಆಗ ಇದ್ದ ಹೆಸರನ್ನೇ ಇಟ್ಟು, ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಲಾಸ್ ಏಂಜಲೀಸಿನ ಆರ್ಮರಿಯಲ್ಲಿ ನೆರೆದಿದ್ದ ಪ್ರದರ್ಶನದಲ್ಲಿ ಅದರ ಪ್ರತಿಗಳನ್ನು ಮಾರಿದನು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಈ ಕಾಲದಲ್ಲಿ ವ್ಯಾಪಾರವಾಗುತ್ತಿದ್ದುದು ಮುಖ್ಯವಾಗಿ ಬಿಡಿಭಾಗ, ಪೂರ್ತಿ ಕಟ್ಟಿದ ಕಾರಲ್ಲ. ಒಳ್ಳೆಯ ಎಂಜಿನ್ ಕಟ್ಟಿದವನು ಕಾರನ್ನು ಮಾರುವಾಗ ಎಂಜಿನನ್ನು ಇಳಿಸಿಕೊಂಡು ಮುಂದಿನ ಕಾರಿಗೆ ಏರಿಸುವುದೇ ವಿವೇಕವೆನಿಸಿದ್ದಿತು. ಏಕೆಂದರೆ ಕಟ್ಟುವ ಶ್ರಮಕ್ಕೆ ಬೆಲೆ ಕೊಡುವ ಕೊಳ್ಳುವವನು ಇನ್ನೂ ಹುಟ್ಟಿರಲಿಲ್ಲ. ಪ್ರತಿಯೊಬ್ಬನೂ ತನ್ನದನ್ನು ತಾನೇ ಕಟ್ಟಿಕೊಳ್ಳುವವನಾದರೆ ಪರರ ಶ್ರಮವನ್ನು ಹಣ ಕೊಟ್ಟು ಕೊಳ್ಳುವವರು ಯಾರು?

ಆ ಶ್ರಮ ಎಂತಹುದೆಂಬುದನ್ನು ಸಮೀಪದಿಂದ ನೋಡಬೇಕು. ಕೂಪೆ ಕಾರಿನ ಛಾವಣಿಯನ್ನು ಮೂರು ಅಂಗುಲ ತಗ್ಗಿಸುವುದು ಈ ಕಸುಬಿನಲ್ಲಿ ಬಹು ಸಾಮಾನ್ಯವಾದ ಕೆಲಸ. ಕಿಟಕಿಗಳ ನಡುವಣ ಕಂಬಗಳನ್ನು ಅಡ್ಡಲಾಗಿ ಕೊಯ್ದು, ಮೂರಂಗುಲದ ತುಂಡುಗಳನ್ನು ತೆಗೆದು, ಛಾವಣಿಯನ್ನು ಕೆಳಕ್ಕಿಳಿಸಿ ಬೆಸೆದರೆ ಮುಗಿಯಿತೆಂದು ನೋಡುವವರಿಗೆ ತೋರುವುದು. ಆದರೆ ಕಂಬಗಳು ನೆಟ್ಟಗೆ ನಿಂತಿರುವುದಿಲ್ಲ, ಮೇಲೆ ಹೋದಂತೆ ಒಳಕ್ಕೆ ವಾಲಿರುತ್ತವೆ. ಆದುದರಿಂದ ಕೆಳಗಿಳಿದ ಛಾವಣಿಯ ಮೋಟುಗಳು ಬುಡದ ಮೋಟುಗಳಿಗೆ ಕೂಡದೆ ಒಳಗೇ ನಿಂತುಬಿಡುತ್ತವೆ. ಆಗ ಛಾವಣಿಯನ್ನೇ ಉದ್ದಕ್ಕೂ ಅಡ್ಡಕ್ಕೂ ಸೀಳಿ ನಡುವೆ ಹೊಸ ತಗಡಿನ ಪಟ್ಟಿಗಳನ್ನು ಸೇರಿಸಬೇಕು, ಇಲ್ಲವೆ ಮುಂಗಂಬಗಳನ್ನು ಹಿಂದಕ್ಕೆ ವಾಲಿಸಬೇಕು. ಬಾಗಿಲಿನ ಚೌಕಟ್ಟುಗಳನ್ನೂ ಅದೇ ಕ್ರಮದಲ್ಲಿ ಕೊಯ್ದು ಕೂಡಿಸಬೇಕು. ಗಾಜುಗಳನ್ನು ಹೊಸ ಅಳತೆಗೆ ಕತ್ತರಿಸಬೇಕು. ಬೆಸುಗೆಯ ಶಾಖಕ್ಕೆ ತಗಡು ಸೊಟ್ಟಗಾಗದಂತೆ ಅಷ್ಟಷ್ಟೇ ಬೆಸೆದು ಆರಲು ಬಿಡಬೇಕು. ಬೆಸುಗೆಯ ಗೆರೆಯನ್ನು ಮುಚ್ಚುವುದಕ್ಕೆ ಹಿಂದಿನ ಕುಶಲಿಗಳು ಸೀಸವನ್ನು ಉಪಯೋಗಿಸುತ್ತಿದ್ದರು: ತಗಡಿನ ಮೇಲೆ ತವರದ ಕಲಾಯಿ ಹಿಡಿಸಿ, ಸೀಸ ತವರಗಳನ್ನು ಬೆರೆಸಿದ ಸಲಾಕೆಯನ್ನು ಜ್ವಾಲೆಯಿಂದ ಮೆತ್ತಗೆ ಮಾಡಿ, ಅದು ಗಟ್ಟಿಯೂ ಅಲ್ಲದೆ ದ್ರವವೂ ಅಲ್ಲದೆ ಇರುವ ಆ ಅಲ್ಪಾವಧಿಯಲ್ಲಿ, ಜಿಡ್ಡು ಸವರಿದ ಮರದ ಹಲಗೆಯಿಂದ, ಕುಂಬಾರನು ಹಸಿ ಮಡಕೆಯನ್ನು ತಟ್ಟುವಂತೆ, ತಟ್ಟಿ ತೀಡಿ ಹರವಬೇಕು, ಜ್ವಾಲೆ ಒಂದು ಕ್ಷಣ ಹೆಚ್ಚಾದರೆ ಅಷ್ಟೂ ಕರಗಿ ನೆಲಕ್ಕೆ ಸುರಿಯುವುದು. ಈ ಕೆಲಸವೆಲ್ಲ ಬಣ್ಣದ ಕೆಳಗೆ ಹುದುಗಿಹೋಗುತ್ತದೆ. ಚೆನ್ನಾಗಿ ಮಾಡಿದಷ್ಟೂ ಕಾಣದಂತಾಗುವ ಕೆಲಸಕ್ಕೆ ಪೇಟೆಯಲ್ಲಿ ಬೆಲೆ ಕೇಳುವುದು ಎಷ್ಟು ಕಷ್ಟವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅದನ್ನು ಜನರ ಕಣ್ಣಿಗೆ ಬೀಳುವಂತೆ ಮಾಡಿದುವು ಪ್ರದರ್ಶನಗಳು. 1950ರಲ್ಲಿ ಓಕ್‌ಲೆಂಡಿನಲ್ಲಿ ಆರಂಭವಾದ ರೋಡ್‌ಸ್ಟರ್ ಪ್ರದರ್ಶನವು ಅಮೆರಿಕದ ಅತ್ಯಂತ ಸುಂದರ ರೋಡ್‌ಸ್ಟರಿಗೆ ಆಳೆತ್ತರವನ್ನೂ ಮೀರಿದ ಪಾರಿತೋಷಕವನ್ನು ಕೊಡಲು ತೊಡಗಿತು. ಲಿನ್‌ವುಡ್ಡಿನಲ್ಲಿ ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಸಹೋದರರ ಕಾರ್ಯಾಗಾರದಿಂದ ಹೊರಬಿದ್ದ ಕಾರುಗಳಿಗೆ ನಟನಟಿಯರಿಗಿರುವಂತಹ ಖ್ಯಾತಿ ಬಂದಿತು. ಕಟ್ಟಿದವನ ಹೆಸರು ಕಾರಿನ ಬೆಲೆಯಲ್ಲಿ ಒಂದಂಶವಾಗತೊಡಗಿದುದು ಇಲ್ಲಿಂದ; ಹೆಸರಿಲ್ಲದ ನೂರಾರು ಕೈಗಳ ಶ್ರಮಕ್ಕೆ ಬೆಲೆ ಇಳಿದುದೂ, ನನ್ನ ಮತಿಗೆ ತೋರುವಂತೆ, ಇಲ್ಲಿಂದಲೇ.

1955ರಲ್ಲಿ ಷೆವರ್ಲೆ ಕಂಪನಿಯು 265 ಘನ ಅಂಗುಲಗಳ ಹಗುರವಾದ ವಿ-8 ಎಂಜಿನನ್ನು ಹೊರತಂದ ಮೇಲೆ ಹಳೆಯ ಫೋರ್ಡ್ ಎಂಜಿನಿನ ಆಯುಷ್ಯ ಮುಗಿಯಿತೆಂದೇ ಹೇಳಬೇಕು. ಗುಜರಿಯಲ್ಲಿ ಸುಲಭವಾಗಿ ಸಿಕ್ಕುವ, ಕುದಿಯದ, ಎಷ್ಟು ಬೇಕಾದರೂ ಶಕ್ತಿ ಹೆಚ್ಚಿಸಬಹುದಾದ ಎಂಜಿನ್ ಇರುವಾಗ ಫೋರ್ಡ್ ಮೈಯೊಳಗೆ ಷೆವರ್ಲೆ ಹೃದಯವನ್ನಿಡಲು ಯಾರಿಗೂ ಸಂಕೋಚವಾಗಲಿಲ್ಲ. ಮುಂದಿನ ದಶಕದಲ್ಲಿ ಪಾಂಟಿಯಾಕ್ ಜಿ.ಟಿ.ಓ. ಮೊದಲಾದ ಕಾರುಗಳು ಕಾರ್ಖಾನೆಯಿಂದಲೇ ಮಹಾವೇಗದೊಡನೆ ಬಂದುವು. ಕಂತಿನ ಮೇಲೆ ಕೊಂಡು ಅಂದೇ ಓಡಿಸಬಹುದಾದ ವೇಗಕ್ಕಾಗಿ ವರ್ಷಗಟ್ಟಲೆ ತಗಡು ಬಡಿಯುವವರು ವಿರಳರಾದರು. ಹೀಗೆ ವೇಗದ ಹೊಣೆಯಿಂದ ಮುಕ್ತವಾದ ರಾಡು ಬೀದಿಯ ವಿನೋದವಾಗಿ ಪುನರ್ಜನ್ಮ ಪಡೆಯಿತು. 1970ರಲ್ಲಿ ಇಲಿನಾಯ್ ಪ್ರಾಂತದ ಪಿಯೋರಿಯದಲ್ಲಿ ಮೊದಲ ಸ್ಟ್ರೀಟ್ ರಾಡ್ ನ್ಯಾಷನಲ್ಸ್ ಸಮ್ಮೇಳನ ನೆರೆಯಿತು. ರಾಷ್ಟ್ರೀಯ ಸ್ಟ್ರೀಟ್ ರಾಡ್ ಸಂಘವು 1948 ಅಥವಾ ಅದಕ್ಕಿಂತ ಹಿಂದಿನ ಮಾದರಿಗಳಿಗೆ ಮಾತ್ರ ಆ ಹೆಸರು ಸಲ್ಲತಕ್ಕದ್ದೆಂದು ಮೇರೆ ಹಾಕಿತು. 1949ರ ಫೋರ್ಡಿನಲ್ಲಿ ಮಡ್‌ಗಾರ್ಡುಗಳು ಮೈಯೊಳಗೇ ಐಕ್ಯವಾಗಿಬಿಟ್ಟುದನ್ನು ನೆನೆದರೆ ಆ ಮೇರೆಯ ಔಚಿತ್ಯ ತಿಳಿಯುವುದು. 1973ರಲ್ಲಿ ಜಾರ್ಜ್ ಲ್ಯೂಕಾಸರ ‘ಅಮೆರಿಕನ್ ಗ್ರಾಫಿಟಿ’ ಚಲಚ್ಚಿತ್ರ ಬಂದು, ಅದರಲ್ಲಿಯ ಹಳದಿ ಬಣ್ಣದ 1932ರ ಕೂಪೆ ದೇಶದ ಮನಸ್ಸನ್ನು ಸೆಳೆಯಿತು. ಚಿತ್ರೀಕರಣ ಮುಗಿದೊಡನೆ ಆ ಕಾರನ್ನು 1500 ಡಾಲರಿಗೆ ಮಾರಲು ಹೊರಟಾಗ ಕೊಳ್ಳುವವರು ಸಿಕ್ಕಲಿಲ್ಲವೆಂಬ ಮಾತು ಈ ಕಸುಬಿನವರಲ್ಲಿ ಪ್ರಸಿದ್ಧವಾಗಿದೆ.

ಚಿತ್ರದಿಂದ ಆಸೆ ಬೆಳೆಯಿತೇ ಹೊರತು ಹಳೆಯ ಫೋರ್ಡ್ ಮೈಗಳು ಬೆಳೆಯಲಿಲ್ಲ. ಯುದ್ಧಕಾಲದ ಗುಜರಿ ಸಂಗ್ರಹಣಕ್ಕೂ ತುಕ್ಕಿಗೂ ಬಲಿಯಾಗಿ ಅವು ಮೊದಲೇ ಕ್ಷೀಣಿಸಿದ್ದುವು. ಆ ಕೊರತೆಯನ್ನು ಫೈಬರ್ ಗ್ಲಾಸು ತುಂಬಿತು. ಆರೆಗಾನಿನ ವೆಸ್ಕಾಟ್ಸ್ ಸಂಸ್ಥೆಯು ಅಚ್ಚಿನಲ್ಲಿ ತೆಗೆದ ಮೈಗಳು ನಯವಾದ ಕೆಲಸಕ್ಕೆ ಹೆಸರಾದುವು; ತರುವಾಯ ಒಹಾಯೋದ ಬ್ರೂಕ್‌ವಿಲ್ ರೋಡ್‌ಸ್ಟರ್ ಸಂಸ್ಥೆಯು ಉಕ್ಕಿನ ತಗಡಿನಲ್ಲೇ ಹೊಸ ಮೈಗಳನ್ನು ಒತ್ತಿ ಮಾರತೊಡಗಿತು. ಹೀಗೆ 1932ರ ಕಾರು ಮೂರು ಬಗೆಯಾಯಿತು: ಆ ವರ್ಷದ ತಗಡು, ಹೊಸ ತಗಡು, ತಗಡೇ ಅಲ್ಲದುದು, ಬೆಲೆ ಅದೇ ಅನುಕ್ರಮದಲ್ಲಿ ಇಳಿಯುವುದು. ಹಿಂದೆ ಯಾರಿಗೂ ಬೇಡವಾಗಿ ಹುಡುಗರ ಪಾಲಾಗಿದ್ದ ರೋಡ್‌ಸ್ಟರೇ ಈಗ ಎಲ್ಲಕ್ಕಿಂತ ಮೇಲಿನ ಬೆಲೆಗೆ ಹೋಗುತ್ತದೆ, ಸಂಸಾರಿಗಳು ಹಣ ಕೊಟ್ಟು ಕೊಂಡಿದ್ದ ನಾಲ್ಕು ಬಾಗಿಲಿನ ಸೆಡಾನು ಕೆಳಗೆ ನಿಲ್ಲುತ್ತದೆ. ಕ್ಯಾಲಿಫೋರ್ನಿಯದ ಪೊಮೋನದಲ್ಲಿ ನೆರೆಯುವಂತಹ ಹಳೆಯ ಕಾರುಗಳ ಸಂತೆಗಳಲ್ಲಿ ಕೊಳ್ಳಬಂದವನು ಬೆಲೆ ಕೇಳುವುದಕ್ಕೆ ಮೊದಲು ಜೇಬಿನಿಂದ ಚಿಕ್ಕ ಅಯಸ್ಕಾಂತವೊಂದನ್ನು ತೆಗೆದು, ಬಣ್ಣ ಗೀರದಂತೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಬಾಗಿಲಿನ ಕೆಳಅಂಚು, ಚಕ್ರದ ಮೇಲಣ ಬಾಗು, ಡಿಕ್ಕಿಯ ಮೂಲೆ, ಹೀಗೆ ತುಕ್ಕು ಮೊದಲು ತಿನ್ನುವ ಕಡೆಗಳಲ್ಲೆಲ್ಲ ಒತ್ತಿ ನೋಡುವನು. ಅದು ಫೈಬರ್ ಗ್ಲಾಸಿಗೆ ಎಲ್ಲಿಯೂ ಅಂಟದು. ಉಕ್ಕಿನ ಮೈಯಾದರೂ ಸೀಸ ಅಥವಾ ಪುಟ್ಟಿ ದಪ್ಪಗಿರುವಲ್ಲಿ ಹಿಡಿತ ಸಡಿಲವಾಗಿ ಜಾರುವುದು. ಆಮೇಲೆ ನೆಲದ ಮೇಲೆ ಮಲಗಿ ಚಾಸಿಯ ಬೆಸುಗೆಗಳನ್ನೂ, ಡ್ಯಾಷ್‌ಬೋರ್ಡಿನ ಕೆಳಗೆ ತಲೆ ತೂರಿಸಿ ವಯರುಗಳು ಓರಣವಾಗಿವೆಯೋ ಸಿಕ್ಕುಸಿಕ್ಕಾಗಿವೆಯೋ ಎಂಬುದನ್ನೂ ನೋಡುವನು. ಈ ಪರೀಕ್ಷೆಯನ್ನು ಅವಮಾನವೆಂದೆಣಿಸದೆ, ತಾನೇ ಟಾರ್ಚು ಹಿಡಿದು ತೋರಿಸುವ ಮಾರಾಟಗಾರನನ್ನು ನಾನು ಗೌರವಿಸುತ್ತೇನೆ. ಕಾಣದ ಕೆಲಸವನ್ನು ಬೇರೊಬ್ಬರ ಕಣ್ಣಿಗೆ ಕಾಣಿಸಲು ಅವನಿಗೆ ದೊರೆಯುವುದು ಅದೊಂದೇ ಅವಕಾಶ.

ಅಭಿರುಚಿಯೂ ಬೆಲೆಯನ್ನು ಎತ್ತಿ ಇಳಿಸಿತು. 1980ರ ದಶಕದಲ್ಲಿ ಬಾಯ್ಡ್ ಕಾಡಿಂಗ್ಟನ್ ಅಲ್ಯುಮಿನಿಯಮ್ಮಿನ ಗಟ್ಟಿಯಿಂದ ಕೊರೆದು ತೆಗೆದ ಚಕ್ರಗಳನ್ನು ತೊಡಿಸಿ, ಹಿಡಿ, ಕೀಲು, ಅಂಚುಪಟ್ಟಿ ಮೊದಲಾದ ಉಬ್ಬುಗಳನ್ನೆಲ್ಲ ತೆಗೆದು ನುಣ್ಣಗೆ ಮಾಡಿದ ರಾಡುಗಳನ್ನು ಕಟ್ಟಿದಾಗ ದೇಶವೆಲ್ಲ ಅದನ್ನೇ ಅನುಸರಿಸಿತು. 1983ರಲ್ಲಿ ಝೀ ಝೀ ಟಾಪ್ ವಾದ್ಯಗೋಷ್ಠಿಯ ‘ಎಲಿಮಿನೇಟರ್’ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಕಾಣಿಸಿಕೊಂಡ 1933ರ ಕೆಂಪು ಕೂಪೆಯನ್ನು ನೋಡದ ಯುವಕನಿರಲಿಲ್ಲ. ಶತಮಾನ ಮುಗಿಯುವ ವೇಳೆಗೆ ಗಾಳಿ ತಿರುಗಿತು. ಹಳೆಯ ಫೋರ್ಡ್ ಎಂಜಿನು, ಉಕ್ಕಿನ ಚಕ್ರ, ಮಾಸಲು ಬಣ್ಣ, ಇವೇ ನಿಜವಾದ ಸಂಪ್ರದಾಯವೆಂದು ಹೊಸಬರು ಸಾರಿದರು. 1997ರಲ್ಲಿ ಪೆಬಲ್ ಬೀಚಿನ ಪ್ರತಿಷ್ಠಿತ ಪ್ರದರ್ಶನವು ಮೊದಲ ಸಲ ಹಾಟ್ ರಾಡುಗಳಿಗೆ ಒಂದು ವರ್ಗವನ್ನು ತೆರೆದು, ಡೋನ್ ಸ್ಪೆನ್ಸರ್ ಕಟ್ಟಿದ್ದ 1932ರ ರೋಡ್‌ಸ್ಟರಿಗೆ ಪ್ರಥಮ ಸ್ಥಾನವನ್ನು ಕೊಟ್ಟಿತು. ಹಿಂದಿನ ಆ ನುಣುಪಿನ ರುಚಿಗೆ ತಕ್ಕಂತೆ ತಿಳಿಬಣ್ಣ ಬಳಿದು, ಉಣ್ಣೆಯ ಬಟ್ಟೆ ಹೊದಿಸಿ, ಒಂದು ಕಾಲದಲ್ಲಿ ಅಪಾರ ವೆಚ್ಚದಿಂದ ಕಟ್ಟಿದ ರಾಡುಗಳು ಈಗ ಸಂತೆಗಳಲ್ಲಿ ಅಗ್ಗವಾಗಿ ದೊರೆಯುತ್ತಿವೆ. ಅವುಗಳ ಬೆಸುಗೆ ಕೆಟ್ಟಿಲ್ಲ, ಎಂಜಿನ್ ಕೆಟ್ಟಿಲ್ಲ. ಕಟ್ಟಿದವನ ರುಚಿಯೊಡನೆ ಕೊಳ್ಳುವವನ ರುಚಿ ಕೂಡಲಿಲ್ಲ, ಅಷ್ಟೆ.

ಇನ್ನು ಕಾಗದಪತ್ರಗಳ ವಿಷಯ. ಫೋರ್ಡಿನ ಮಾಡೆಲ್ ಎ ಕಾಲದಲ್ಲಿ ಎಂಜಿನಿನ ಸಂಖ್ಯೆಯೇ ಕಾರಿನ ಸಂಖ್ಯೆ. ಹಕ್ಕುಪತ್ರದಲ್ಲಿ ಅದನ್ನೇ ಬರೆಯುತ್ತಿದ್ದರು. ಎಂಜಿನನ್ನು ಬದಲಾಯಿಸಿದ ದಿನವೇ ಕಾಗದ ಒಂದು ದಾರಿ, ಕಾರು ಒಂದು ದಾರಿ ಹಿಡಿದುವೆಂದಾಯಿತು. ಮೈಯೂ ಚಾಸಿಯೂ ಹೊಸದಾದ ಮೇಲಂತೂ ಇದು ಯಾವ ವರ್ಷದ ವಾಹನವೆಂಬ ಪ್ರಶ್ನೆಗೆ ಉತ್ತರವೇ ಇಲ್ಲ. 1932ರದೆಂದು ಬರೆಯಿಸಿದರೆ ಹೊಗೆ ತಪಾಸಣೆಯೂ ಇಲ್ಲ, ತೆರಿಗೆಯೂ ಅಲ್ಪ; ಆದ್ದರಿಂದ ಎಲ್ಲಿಂದಲೋ ಹಳೆಯ ಹಕ್ಕುಪತ್ರವೊಂದನ್ನು ಸಂಪಾದಿಸಿ ಹೊಸ ಕಾರಿಗೆ ಲಗತ್ತಿಸುವ ಕೆಟ್ಟ ಪದ್ಧತಿ ಹಬ್ಬಿತು, ಅಂತಹ ಕಾರನ್ನು ನಂಬಿ ಕೊಂಡವರು ಸರ್ಕಾರಿ ಕಚೇರಿಗಳಲ್ಲಿ ಪಡಬಾರದ ಪಾಡು ಪಟ್ಟರು. ಕ್ಯಾಲಿಫೋರ್ನಿಯ ಪ್ರಾಂತವು 2001ರಲ್ಲಿ ಎಸ್.ಬಿ. 100 ಎಂಬ ಶಾಸನವನ್ನು ಮಾಡಿ, ಸ್ವಂತವಾಗಿ ಕಟ್ಟಿದ 500 ವಾಹನಗಳಿಗೆ ಪ್ರತಿವರ್ಷವೂ, ಅವುಗಳ ಮೈ ಅಥವಾ ಎಂಜಿನ್ ಯಾವ ವರ್ಷದ್ದನ್ನು ಹೋಲುತ್ತದೆಯೋ ಆ ವರ್ಷದ ಹೊಗೆ ನಿಯಮವನ್ನೇ ಅನ್ವಯಿಸಲು ಒಪ್ಪಿತು. ಸುಳ್ಳು ಹೇಳದೆಯೇ ಹಳೆಯ ರೂಪವನ್ನು ಬೀದಿಗೆ ತರುವ ಮಾರ್ಗ ಇದರಿಂದ ದೊರೆಯಿತೆಂಬ ಕಾರಣಕ್ಕೆ ನಾನು ಇದನ್ನು ಒಳ್ಳೆಯ ಶಾಸನವೆಂದೇ ಎಣಿಸುತ್ತೇನೆ. 2015ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೂ, ಒಬ್ಬ ಚಿಕ್ಕ ತಯಾರಕನು ವರ್ಷಕ್ಕೆ 325ರವರೆಗೆ ಹಳೆಯ ಮಾದರಿಯ ಪ್ರತಿರೂಪಗಳನ್ನು ಪೂರ್ಣವಾಗಿ ಕಟ್ಟಿ ಮಾರಬಹುದೆಂದು ವಿಧಿಸಿತು.

ನಮ್ಮ ದೇಶದಲ್ಲಿ ಇಂತಹ ಕಸುಬು ಏಕೆ ಬೇರೂರಲಿಲ್ಲವೆಂದು ಕೇಳುವವರಿಗೆ ಉತ್ತರದ ಒಂದು ಭಾಗ ಕಾನೂನಿನಲ್ಲಿದೆ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ತಯಾರಕನು ನಿರ್ದೇಶಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸಿದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2021ರ ನಿಯಮಗಳು ಐವತ್ತು ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ಸ್ಥಾನವನ್ನು ಕೊಟ್ಟರೂ, ಅವು ಮೂಲರೂಪದಲ್ಲೇ ಇರಬೇಕೆಂಬುದು ಕಟ್ಟಳೆ. ಇಲ್ಲಿ ಪೂಜ್ಯವಾದುದು ಕಾರ್ಖಾನೆಯ ಕೈ, ಮಾಲೀಕನ ಕೈಯಲ್ಲ.

ಬೆಲೆಯ ಪ್ರಶ್ನೆಗೆ ಮರಳೋಣ. ಮಾರಾಟಗಾರನು ಬಿಲ್ಲುಗಳನ್ನೆಲ್ಲ ಒಂದು ಕಡತದಲ್ಲಿ ಕೂಡಿಸಿಟ್ಟಿರುತ್ತಾನೆ. ವಿಮೆಯವರು ಮುಂಗಡವಾಗಿ ಮೌಲ್ಯವನ್ನು ಒಪ್ಪಿಕೊಳ್ಳುವುದಕ್ಕೆ ಆ ಕಡತ ಸಹಾಯಕ. ಕೊಳ್ಳುವವನಾದರೋ ಅದರ ಕೊನೆಯ ಮೊತ್ತವನ್ನು ನೋಡಿ ಬೆಲೆಯನ್ನು ನಿರ್ಧರಿಸುವುದಿಲ್ಲ. ಕಟ್ಟಿದವನ ಕಾಲುದ್ದಕ್ಕೆ ತಕ್ಕಂತೆ ಪೆಡಲುಗಳು, ಅವನ ಕಣ್ಣೆತ್ತರಕ್ಕೆ ತಕ್ಕಂತೆ ತಗ್ಗಿಸಿದ ಛಾವಣಿ, ಅವನ ಪ್ರೀತಿಯ ಬಣ್ಣ, ಇವು ಒಬ್ಬನಿಗೆ ಪೂರ್ಣವಾಗಿ ಒಪ್ಪಿದಷ್ಟೂ ಇನ್ನೊಬ್ಬನಿಗೆ ಒಪ್ಪುವ ಸಂಭವ ಕಡಿಮೆಯಾಗುತ್ತದೆ. ಅದೂ ಅಲ್ಲದೆ, ಕಟ್ಟುವ ಆನಂದವನ್ನು ಕಟ್ಟಿದವನು ಆಗಲೇ ಅನುಭವಿಸಿ ಮುಗಿಸಿರುತ್ತಾನೆ. ಆ ಆನಂದದ ಖರ್ಚನ್ನು ಕೊಳ್ಳುವವನು ತೆರಬೇಕೆಂದು ಕೇಳುವುದು ನ್ಯಾಯವಲ್ಲ. ಆದರೂ ಕಸುಬುದಾರಿಕೆಗೆ ಸಲ್ಲಬೇಕಾದ ಬೆಲೆ ಒಂದಿದೆ, ಅದು ಸಲ್ಲುತ್ತಿಲ್ಲವೆಂಬ ನೋವು ನನ್ನದು.

ಸಲ್ಲಿದ ಉದಾಹರಣೆಯೊಂದನ್ನು ಹೇಳಬಹುದು. ಬ್ಯಾರಿಸ್ ಸಹೋದರರು 1952ರಲ್ಲಿ ಕಟ್ಟಿದ ‘ಹಿರೊಹಾಟ ಮರ್ಕ್’ ಎಂಬ 1951ರ ಮರ್ಕ್ಯುರಿ, ಕಟ್ಟಳೆಯ ಪ್ರಕಾರ ರಾಡಲ್ಲ, ಕಸ್ಟಮ್ ಎನಿಸುವ ಸೋದರ ಜಾತಿಯದು. ಅದನ್ನು 1959ರಲ್ಲಿ ಹದಿಹರೆಯದ ಹುಡುಗನೊಬ್ಬನು 500 ಡಾಲರಿಗೆ ಕೊಂಡು, ಜೀವಮಾನವಿಡೀ ಕೈಬಿಡದೆ, ಹಾಳಾಗಿದ್ದುದನ್ನು ವರ್ಷಾನುಗಟ್ಟಲೆ ದುಡಿದು ಸರಿಪಡಿಸಿದನು. ಅವನ ಕಾಲಾನಂತರ, 2022ರ ಜನವರಿಯಲ್ಲಿ ಫ್ಲಾರಿಡದ ಕಿಸಿಮಿಯಲ್ಲಿ ನಡೆದ ಹರಾಜಿನಲ್ಲಿ ಸವಾಲು 19.5 ಲಕ್ಷ ಡಾಲರಿಗೆ ನಿಂತಿತು. ಛಾವಣಿಯನ್ನು ಕೊಯ್ದ ಕೈ ಸ್ಯಾಮ್ ಬ್ಯಾರಿಸನದೆಂಬುದೂ, ಅರವತ್ತೆರಡು ವರ್ಷ ಒಂದೇ ಮನೆಯಲ್ಲಿದ್ದುದೂ ದಾಖಲೆಯಿಂದ ಸಿದ್ಧವಾಗಿದ್ದುದರಿಂದ ಆ ಬೆಲೆ ಬಂದಿತು. ಅಂತಹ ದಾಖಲೆಯಿಲ್ಲದ ರಾಡುಗಳು, ಬಿಲ್ಲುಗಳ ಮೊತ್ತಕ್ಕಿಂತ ಕಡಿಮೆ ಹಣಕ್ಕೆ ಹರಾಜುಗಳಲ್ಲಿ ಕೈ ಬದಲಾಯಿಸುತ್ತಲೇ ಇರುತ್ತವೆ. ಕ್ಯಾಲಿಫೋರ್ನಿಯದ ಹಕ್ಕುಪತ್ರದಲ್ಲಿ ತಯಾರಕನ ಹೆಸರಿರಬೇಕಾದ ಕಡೆ ಅವುಗಳಿಗೆ ಬರೆಯುವುದು ವಿಶೇಷವಾಗಿ ನಿರ್ಮಿಸಿದ ವಾಹನವೆಂದು ಮಾತ್ರ. ಯಾರು ನಿರ್ಮಿಸಿದರೆಂಬುದನ್ನು ಬರೆಯಲು ಅದರಲ್ಲಿ ಸ್ಥಳವಿಲ್ಲ. ಕಟ್ಟಿದವನೇ ತನ್ನ ಹೆಸರನ್ನೂ ಪ್ರತಿಯೊಂದು ಹಂತದ ಚಿತ್ರವನ್ನೂ ಕಡತದೊಳಗೆ ಸೇರಿಸಿ, ಬೀಗದ ಕೈಯೊಡನೆ ಕೊಂಡವನಿಗೆ ಒಪ್ಪಿಸಬೇಕು.